ಹಳ್ಳದ ದಂಡೆಯ ಹುಸೇನಸಾಬರು

ಯಾರಾದರೂ ಸಿಹಿಯಾಗಿ ಮಾತಾಡಿದರೆ ಸಾಕು, ಇಜೇರಿಯ ಹುಸೇನಸಾಬರು ಎದ್ದು ಕೊಟ್ಟಿಗೆಗೆ ಹೋಗಿ ಎಮ್ಮೆ ಎಣಿಸಿಕೊಂಡು ಬರುತ್ತಿದ್ದರು. ಎಂಬತ್ತರ ದಶಕದಲ್ಲಿ ಕೃಷಿ ಸಹಾಯಕನಾಗಿ ಆ ಊರಿಗೆ ಹೋದ ನಾನು ಮೊದಲ ಭೇಟಿಯಲ್ಲೇ ಅವರನ್ನು ಎರಡು ಸಲ ಎಬ್ಬಿಸಿದೆ.

ನಾನು ಹೇಳಿದ್ದಿಷ್ಟೆ: ಹಳ್ಳದ ಪಕ್ಕ ಹೊಲವಿದ್ದವರು ದಂಡೆಗೆ ಬೇಲಿ ಹಾಕಿ ಹುಲ್ಲು ಬೆಳೆಸಿದರೆ, ದನಗಳಿಗೆ ಬೇರೆ ನೀರಿನ ತೊಟ್ಟಿ ಕಟ್ಟಿಸಿದರೆ, ಸರ್ಕಾರ ಸಹಾಯಧನ ಕೊಡುತ್ತದೆ. ಅವರ ಎಮ್ಮೆಗಳು ದಿನವಿಡೀ ಹಳ್ಳದಲ್ಲೇ ಬಿದ್ದಿರುತ್ತಿದ್ದವು. ಕೆಳಗಿನ ಓಣಿಯವರು ಅದೇ ಹಳ್ಳದ ಉಸುಕಿನಲ್ಲಿ ಗುಂಡಿ ತೋಡಿ, ಆ ವರತಿಯ ನೀರನ್ನೇ ಕುಡಿಯುತ್ತಿದ್ದರು. ಮಳೆಗಾಲ ಬಂತೆಂದರೆ ಅಲ್ಲಿನ ಮಕ್ಕಳಿಗೆ ವಾಂತಿಭೇದಿ.

"ಪುಕ್ಕಟೆ ರೊಕ್ಕ ಕೊಡಾಕ ಬಂದಾರಂದ್ರ ಏನೋ ಒಯ್ಯಾಕ ಬಂದಾರ," ಎಂದರು ಹುಸೇನಸಾಬರು. "ನಮ್ಮಪ್ಪ ರಸ್ತೆಗಂತ ಒಂದು ಹೆಬ್ಬಟ್ಟು ಒತ್ತಿದ, ಬಾವಿನೇ ಹೋತು. ಇವತ್ತು ಬೇಲಿ ಹಾಕು ಅಂತೀರಿ, ನಾಳಿ ಬೇಲಿ ಆಚಿಗಿಂದು ಸರ್ಕಾರದ್ದು ಅಂತೀರಿ. ಖರೇ ಹೇಳ್ರಿ ಸಾಹೇಬ್ರ, ಇದರಾಗ ನಿಮಗೇನದ?"

ಮರುವಾರ ವರತಿಯ ನೀರನ್ನು ಬಾಟಲಿಯಲ್ಲಿ ತಂದು ತೋರಿಸಿದೆ. ಬೆಳಕಿಗೆ ಹಿಡಿದು ನೋಡಿದರು, ಮೂಸಿದರು. "ನೀವೇ ಏನರೆ ಕಲಸೀರಿ," ಎಂದು ವಾಪಸು ಕೊಟ್ಟರು.

ನನಗೆ ಸಿಟ್ಟು ಬಂತು. "ಹಂಗಾರ ನೀವೇ ಹೋಗಿ ನೋಡ್ರಿ."

ಹೊರಟೇಬಿಟ್ಟರು. ನಾನು ಮುಂಚೆಯೇ ಹೋಗಿ ಯಾರಿಗಾದರೂ ಹೇಳಿಕೊಟ್ಟೇನೆಂದು ನನ್ನನ್ನೂ ಜೊತೆಗೇ ಕರೆದುಕೊಂಡರು. ಓಣಿಯ ನಡುವಿನ ಮನೆಯೊಂದರ ಮುಂದೆ ನಿಂತು ನೀರು ಕೇಳಿದರು. ನಾಗಮ್ಮ ಎಂಬಾಕೆ, ಭೇದಿಯಿಂದ ಸೊರಗಿದ ಕೂಸನ್ನು ಹೆಗಲಿಗೆ ಹಾಕಿಕೊಂಡೇ ತಂಬಿಗೆ ತಂದಳು. ತಂಬಿಗೆ ಅವರ ತುಟಿಯ ಹತ್ತಿರ ಹೋಗಿ ನಿಂತುಬಿಟ್ಟಿತು.

"ಯಾಕ್ರಿ ಸಾಬ್ರ, ನಾ ಏನರೆ ಕಲಸೀನಂತೀರೇನು?" ಎಂದಳು ನಾಗಮ್ಮ.

ಅವರು ಕೂಸಿನ ಮುಖವನ್ನೇ ನೋಡುತ್ತಿದ್ದರು. "ಇಲ್ಲವ್ವಾ," ಎಂದರು. "ಕಲಸಿದಾಂವ ನಾನೇ."

ಮರುದಿನದಿಂದ ಎಮ್ಮೆಗಳು ಹಳ್ಳಕ್ಕಿಳಿಯಲಿಲ್ಲ. ತಮ್ಮ ಗಂಡುಮಕ್ಕಳನ್ನು ಕಟ್ಟಿಕೊಂಡು ಜಾಲಿಮುಳ್ಳಿನ ಬೇಲಿ ಹಾಕಿದರು, ದಂಡೆಗೆ ಹುಲ್ಲು ನಾಟಿದರು, ತೊಟ್ಟಿ ಕಟ್ಟಿದರು. ಸಹಾಯಧನವನ್ನು ಮಾತ್ರ ಮುಟ್ಟಲಿಲ್ಲ. ಅವರನ್ನು ನೋಡಿ ಅಕ್ಕಪಕ್ಕದ ಹೊಲದವರೂ ಬೇಲಿ ಹಾಕಿದರು, ಹಣವನ್ನೂ ಪಡೆದರು. "ಅವರ ದಂಡಿ ಯಾವಾಗ ಸರ್ಕಾರಕ್ಕ ಹೋಗ್ತದಂತ ನೋಡಾಕತ್ತೇನಿ," ಎನ್ನುತ್ತಿದ್ದರು ಹುಸೇನಸಾಬರು. ಯಾರ ದಂಡೆಯೂ ಹೋಗಲಿಲ್ಲ. ಅವರ ಅನುಮಾನವೂ ಹೋಗಲಿಲ್ಲ.

ಈಗ ಅವರಿಲ್ಲ. ಕೊನೆಯ ಸಲ ನೋಡಿದ್ದು ನನಗೆ ವರ್ಗವಾದಾಗ, ಜೇವರ್ಗಿಯ ಬಸ್ ಸ್ಟ್ಯಾಂಡಿನಲ್ಲಿ. ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, "ನಿಮ್ಮ ಜಾಗಕ್ಕ ಬರೋ ಸಾಹೇಬ ಹೆಂಗದಾನ್ರಿ?" ಎಂದು ಕೇಳಿದರು.

"ಭಾಳ ಒಳ್ಳೆಯಾಂವ ಅದಾನ್ರಿ," ಎಂದೆ.

ಅವರ ಮುಖ ಬಿಗಿಯಾಯಿತು. "ಹಂಗಾರ ಇನ್ನಷ್ಟು ಹುಷಾರಿರಬೇಕು."

ಹಾಗೆಂದರೇ ಹೊರತು, ಬಸ್ಸು ಬರುವವರೆಗೂ ನನ್ನ ಕೈ ಬಿಡಲಿಲ್ಲ.