ಹುಣಸೆಹಣ್ಣು ಹಚ್ಚಿ ಉಜ್ಜಿದ ತಗಡು

ಇದನ್ನು ಬರೆಯದೆ ಕೆಲವು ವಾರ ತಪ್ಪಿಸಿಕೊಂಡೆ. ಅದಕ್ಕೇ ಕಳೆದ ವಾರ ಈ ಅಂಕಣದಲ್ಲಿ ನೀವು ನುಗ್ಗೆಸೊಪ್ಪಿನ ಬಗ್ಗೆ ಓದಬೇಕಾಯಿತು. (ಕ್ಷಮಿಸಿ.)

ಪೊಂಗಲ್‌ಗೆ ಮೊದಲು ತಮಿಳುನಾಡಿನ ಕಂಬಂನ ನಮ್ಮ ಮನೆಗೆ ಮೊಮ್ಮಗಳು ಬಂದಳು. ಚಿತ್ರಕಲೆ ಓದುವ ಹುಡುಗಿ. ತಾಮ್ರದ ತಗಡಿನ ಮೇಲೆ ಸೂಜಿಯಿಂದ ದ್ರಾಕ್ಷಿ ಚಪ್ಪರ ಗೀಚಿದ್ದಳು. ಮಸಿ ಬಳಿದು, ಒರೆಸಿ, ಒದ್ದೆ ಕಾಗದ ಹೊದಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಚಿತ್ರ. ದಿಂಡಿಗಲ್ಲಿನ ಪ್ರದರ್ಶನಕ್ಕೆ ಹೋಗಬೇಕಾದದ್ದು. ತಗಡನ್ನು ಹಿತ್ತಲ ಕಟ್ಟೆಯ ಮೇಲಿಟ್ಟು ಪೇಟೆಗೆ ಹೋದಳು.

ನನಗೆ ಕಂಡದ್ದು ಕಂದಿದ ತಾಮ್ರ. ಹೊಳೆದರೆ ಇನ್ನೂ ಚೆಂದ ಅಚ್ಚಾಗುತ್ತದಲ್ಲವೇ? ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಉಜ್ಜಿಟ್ಟೆ. ಫಳಫಳ!

ಮೊಮ್ಮಗಳು ಬಂದು ತಗಡಿನ ಮೇಲೆ ಬೆರಳಾಡಿಸಿದಳು. ಮುಖ ಬಿಳುಚಿತು. ಸೂಜಿ ಗೀಚಿದ ಅಂಚಿನಲ್ಲಿ ತಾಮ್ರ ಕೂದಲಿನಷ್ಟು ಮೇಲೆದ್ದಿರುತ್ತದಂತೆ. ಮಸಿ ನಿಲ್ಲುವುದು ಅಲ್ಲಿ, ನೆರಳು ಬರುವುದು ಅದರಿಂದ. ಅದೇ ಸವೆದುಹೋಗಿತ್ತು. ಹೊಳೆದದ್ದು ಹಾಳಾದದ್ದು ಹೇಗೆ? ನನ್ನ ತಲೆಗೆ ಇನ್ನೂ ಹತ್ತಿಲ್ಲ.

"ಯಾರಜ್ಜೀ ಉಜ್ಜಿದ್ದು? ಇದ್ರಲ್ಲೇನು ಸಾಂಬಾರ್ ಕಾಯ್ಸ್ತೀಯಾ?" ಎಂದು ಅಜ್ಜಿಯನ್ನು ಕೇಳಿದಳು.

ನನ್ನ ಹೆಂಡತಿ ಬಿಸಿಲಿಗೆ ಬೋರಲು ಹಾಕಿದ್ದ ಚೆಂಬುಗಳನ್ನು ನೋಡಿದಳು. ಬೆಳಗ್ಗೆ ಅವನ್ನು ಉಜ್ಜಿದ್ದವಳು ಅವಳೇ.

"ನಾನೇ ಇರ್ಬೇಕು ಕಣ್ಣೂ. ಚೆಂಬು ಜೊತೆ ಅದ್ನೂ ಉಜ್ಬಿಟ್ನೇನೋ. ಞಾಪಕವೇ ಇಲ್ವೇ!"

ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆ? ಗೊತ್ತಿಲ್ಲ.

ಮೊಮ್ಮಗಳು ಇನ್ನೊಂದು ತಗಡು ಗೀಚಿದಳು, ಸಿಟ್ಟು ಮರೆತಳು. ಹೆಂಡತಿ ಮಾತ್ರ ತನ್ನ ಮರೆವನ್ನು ಮರೆಯಲಿಲ್ಲ. "ಏನುಂಗ, ಗ್ಯಾಸ್ ಆರ್ಸಿದ್ನಾ? ಒಸಿ ನೋಡಿ" ಎಂದು ದಿನಾ ನನ್ನನ್ನು ಕೇಳತೊಡಗಿದಳು. ಬೀರು ಕೀಲಿಯನ್ನು ಸೊಸೆಗೆ ಕೊಟ್ಟಳು. ಕೋಯಿಲಿಗೆ ದೇವರ ದರ್ಶನಕ್ಕೆ ಒಬ್ಬಳೇ ಹೋಗುವುದನ್ನು ಬಿಟ್ಟಳು. ದಾರಿ ಮರೆತರೆ?

ಮೊನ್ನೆ ಅವಳೇ ಹಟ ಮಾಡಿ ತೇನಿಯ ಡಾಕ್ಟರ ಹತ್ತಿರ ಹೊರಡಿಸಿದಳು. ಮರೆವು ಯಾವಾಗಿನಿಂದ ಎಂದು ಅವರು ಕೇಳಿದರು. "ತಾಮ್ರ ಉಜ್ಜಿದ್ದು ಮರೆತ ದಿನದಿಂದ" ಎಂದಳು. ನಾನು ಫ್ಯಾನ್ ನೋಡುತ್ತಾ ಕುಳಿತಿದ್ದೆ. ಡಾಕ್ಟರು ಸ್ಕ್ಯಾನ್‌ಗೆ ಬರೆದರು.

ಹೇಳಿದರೆ ಅವಳ ಭಯ ಹೋಗುತ್ತದೆ. ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಏನು ಹೇಳಲಿ?

ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಓದಿದ್ದರಿಂದ ನನಗೆ ಈ ಅಕ್ಷರ ಬಂತು. ನಮ್ಮ ಮನೆಯಲ್ಲಿ ಕನ್ನಡ ಎಲ್ಲರೂ ಆಡುತ್ತಾರೆ, ಬೇರೆ ಯಾರಿಗೂ ಓದಲು ಬಾರದು. ಆ ಧೈರ್ಯದಿಂದಲೇ ಬರೆದೆನೇ?

ನಿಮಗೆಲ್ಲ ತಿಳಿಯಿತು. ತಿಳಿಯದೆ ಉಳಿದವಳು, ನಾನು ಕ್ಷಮೆ ಕೇಳದೆ ಬಿಟ್ಟವಳು, ನನ್ನ ಹೆಂಡತಿ ವೀರಮ್ಮ.