ಮೊಮ್ಮಗಳ ಕೋವಿ, ಮೋರೀನಳ ಹೂ

ನಮ್ಮ ದೀಕ್ಷಾಳಿಗೆ ಕೋವಿ ಬಂತು! ನಿನ್ನೆ ಮಧ್ಯಾಹ್ನ, ಶೆಫೀಲ್ಡಿನ ಬ್ರೂಮ್‌ಹಿಲ್‌ನ ಈ ಏರುಬೀದಿಯ ಮನೆಗೆ, ಉದ್ದನೆಯ ಕರಿ ಚೀಲದೊಳಗೆ ಮಲಗಿ, ನನ್ನ ಮೊಮ್ಮಗಳ ಹೆಗಲೇರಿ ಬಂತು. ಊರಿನಲ್ಲಾಗಿದ್ದರೆ ನಾನು ಅಂಗಳಕ್ಕಿಳಿದು ಆಕಾಶಕ್ಕೊಂದು ಗುಂಡು ಹೊಡೆದು ಸುತ್ತಲಿನ ಮನೆಯವರಿಗೆಲ್ಲ ತಿಳಿಸುತ್ತಿದ್ದೆ. ಇಲ್ಲಿ ಹಾಗೆ ಮಾಡಿದರೆ ಪೊಲೀಸರು ಬಂದು ನನ್ನನ್ನೇ ಎತ್ತಿಕೊಂಡು ಹೋಗುತ್ತಾರೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ಓದಿದ ಕೈ, ಅಕ್ಷರ ಸೊಟ್ಟಗಿದ್ದರೂ ಸಂತೋಷ ಸೊಟ್ಟಗಿಲ್ಲ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ನಮ್ಮ ಕಡೆ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೇಳಿದವರಿಗೆ ಸುದ್ದಿ ತಿಳಿಯುತ್ತದೆ. ಗಂಡ ತೀರಿಕೊಂಡ ಮೇಲೆ ಮಗಳು ಜಾನಕಿ ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ನಾನು ಬಂದು ತಿಂಗಳೂ ಆಗಿರಲಿಲ್ಲ, ನವೆಂಬರಿನ ಒಂದು ಸಂಜೆ ಕತ್ತಲಾಗುತ್ತಿದ್ದಂತೆ ಢಂ ಎಂದಿತು. ಯಾರದೋ ಮನೆಯಲ್ಲಿ ಗಂಡು ಮಗು ಎಂದುಕೊಂಡೆ. ಮತ್ತೆ ಢಂ. ಅಯ್ಯೋ, ಸಾವು. ಆಮೇಲೆ ಬೀದಿಯ ಎರಡೂ ಕಡೆಯಿಂದ ಢಂ ಢಂ ಢಂ. ನಾನು ಕೈಮುಗಿದು ನಿಂತುಬಿಟ್ಟೆ.

"ಜಾನಕೀ, ಈ ಊರಿಗೆ ಏನಾಯಿತೇ? ಒಂದೇ ಸಲ ಇಷ್ಟು ಜನ ಹುಟ್ಟಿ ಸತ್ತರಾ?"

ಜಾನಕಿ ಸೋಫಾದ ಮೇಲೆ ಬಿದ್ದು ನಕ್ಕಳು. "ಅವ್ವಾ, ಪಟಾಕಿ! ಇವರ ಪಟಾಕಿ ಹಬ್ಬ ಇವತ್ತು."

ಆ ದಿನ ನನಗೆ ಈ ದೇಶ ಅರ್ಥವಾಗಲಿಲ್ಲ. ಈಗಲೂ ಪೂರ್ತಿ ಆಗಿಲ್ಲ. ಇಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ, ಪಕ್ಕದ ಮನೆಯವರು ಕೆಮ್ಮಿದರೂ ಕೇಳುತ್ತದೆ, ಆದರೆ ಅವರ ಮುಖ ನೋಡಲು ವಾರ ಬೇಕು. ಬಸ್ಸಿನ ಡ್ರೈವರು, ಅಂಗಡಿಯವನು, ಆಸ್ಪತ್ರೆಯ ಹುಡುಗಿ ಎಲ್ಲರೂ ನನ್ನನ್ನು "ಲವ್" ಅನ್ನುತ್ತಾರೆ. ಮೊದಮೊದಲು ನಾಚಿಕೆಯಾಗಿ ಸೆರಗು ಎಳೆದುಕೊಳ್ಳುತ್ತಿದ್ದೆ. ನಮ್ಮಲ್ಲಿ "ಅಮ್ಮಾ" ಎಂದಂತೆ ಇಲ್ಲಿ ಅದು ಎಂದು ಜಾನಕಿ ಬಿಡಿಸಿ ಹೇಳಿದಳು. ಅಳಿಯ ಮಹೇಶ ಮೈಸೂರಿನವನು, ಹಾಗಾಗಿ ಮನೆಯಲ್ಲಿ ಮೈಸೂರು ಕನ್ನಡ. ಕೊಡಗಿನ ನನ್ನ ಮನೆಮಾತು ಅರೆಭಾಷೆಗೆ ಮಗಳೊಬ್ಬಳೇ ಗತಿ. ಮೊಮ್ಮಗಳಿಗೆ ನಾನು ಹೇಳಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರುತ್ತದೆ. ಗೋಡೆಗೆ ಎಸೆದ ಚೆಂಡು ಬೇರೆ ಬಣ್ಣವಾಗಿ ವಾಪಸು ಬಂದ ಹಾಗೆ.

ಇರಲಿ. ಇದೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಒಂದೇ, ಅದರ ಹೆಸರು ಮೋರೀನ್.

ಮೋರೀನ್ ನಮ್ಮ ಎಡಗಡೆ ಗೋಡೆಯಾಚೆಯ ಮನೆಯವಳು. ನನಗಿಂತ ಎರಡು ವರ್ಷ ದೊಡ್ಡವಳು, ನನ್ನ ಹಾಗೇ ಗಂಡನಿಲ್ಲದವಳು. ಚಾಕು ಚಮಚ ಮಾಡುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದವಳು. ಜಾನಕಿ ಆಸ್ಪತ್ರೆಯಲ್ಲಿ ನರ್ಸು. ರೋಟಾ ಎಂದು ಗೋಡೆಗೊಂದು ಪಟ್ಟಿ ಅಂಟಿಸಿರುತ್ತಾರಲ್ಲ, ಅದರಂತೆ ಹಗಲು ಇರುಳು ಕೆಲಸ. ಮಹೇಶನೂ ಸಂಜೆ ತಡ. ನಾನು ಬರುವ ಮೊದಲಿನ ವರ್ಷಗಳಲ್ಲಿ, ಸ್ಕೂಲು ಬಿಟ್ಟು ಬಂದ ದೀಕ್ಷಾಳಿಗೆ ಬಾಗಿಲು ತೆರೆದವಳು ಮೋರೀನ್. ಹಾಲು ಕೊಟ್ಟವಳು, ಜಡೆ ಹೆಣೆದವಳು, ಶನಿವಾರ ತನ್ನ ಜೊತೆ ಬಂದೂಕು ಕ್ಲಬ್ಬಿಗೆ ಕರೆದೊಯ್ದು ಗುರಿ ಹಿಡಿಯಲು ಕಲಿಸಿದವಳು. ದೀಕ್ಷಾ ಅವಳನ್ನು "ನ್ಯಾನ್" ಎಂದು ಕರೆಯುತ್ತಾಳೆ. ಅದು ಅವಳ ಹೆಸರೇ ಇರಬೇಕು ಎಂದುಕೊಂಡಿದ್ದೆ. ಇಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ ಎಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಗುರಿ ಹಿಡಿಯಲು ಕಲಿಸುವುದು ಯಾರ ಹಕ್ಕು? ಮರದ ಮೇಲೆ ಕಟ್ಟಿದ ತೆಂಗಿನಕಾಯಿಯನ್ನು ಕೈಲ್ ಮುಹೂರ್ತದ, ಅಂದರೆ ನಮ್ಮ ಕೋವಿ ಪೂಜೆಯ ಹಬ್ಬದ, ಪಂದ್ಯದಲ್ಲಿ ಗಂಡಸರ ಎದುರು ಒಡೆದವಳು ನಾನು. ಅಷ್ಟೇ ಅಲ್ಲ. ಹದಿನೆಂಟು ವರ್ಷದ ಹಿಂದೆ ಈ ಹುಡುಗಿ ಇದೇ ಊರಿನಲ್ಲಿ ಹುಟ್ಟಿದ ಸುದ್ದಿ ನಮ್ಮ ಪೋಸ್ಟಾಫೀಸಿಗೆ ಬಂದಾಗ ನಾನು ಗೋಡೆಯಿಂದ ಕೋವಿ ಇಳಿಸಿದೆ. ಗಂಡ ಅಡ್ಡ ನಿಂತರು.

"ಏಯ್, ಹುಟ್ಟಿದ್ದು ಹೆಣ್ಣು. ಹೆಣ್ಣಿಗೆ ಗುಂಡು ಹೊಡೆಯುವ ಪದ್ಧತಿ ಇಲ್ಲ."

"ಇವತ್ತಿಂದ ಇರಲಿ, ಪಕ್ಕಕ್ಕೆ ಸರೀರಿ" ಎಂದು ಹೊಡೆದೇಬಿಟ್ಟೆ. ಪಕ್ಕದ ತೋಟದವರು ಓಡಿ ಬಂದು "ಗಂಡಾ?" ಎಂದರು. "ನನ್ನ ಮೊಮ್ಮಗಳು" ಎಂದೆ. ಅಂದರೆ ಈ ಹುಡುಗಿಗಾಗಿ ಹಾರಿದ ಮೊದಲ ಗುಂಡು ನನ್ನದು. ಮಿಕ್ಕಿದ್ದನ್ನೆಲ್ಲ ಮೋರೀನ್ ಬಾಚಿಕೊಂಡಳು.

ಹಾಗಾಗಿ ದೀಕ್ಷಾ ತನ್ನದೇ ಕೋವಿ ಕೊಳ್ಳುತ್ತೇನೆ ಎಂದಾಗ ಈ ಸಲ ನನ್ನ ಮಾತೇ ನಡೆಯಬೇಕು ಎಂದು ಹಟ ಹಿಡಿದೆ. ಅವಳಿಗೆ ಬೇಕಾಗಿದ್ದು ಸೆಮಿ ಆಟೊಮ್ಯಾಟಿಕ್. ಒಂದು ಗುಂಡು ಹೋದ ಕೂಡಲೇ ಮುಂದಿನದು ತಾನಾಗಿ ಬಂದು ಕೂರುತ್ತದೆ, ಪ್ರತಿ ಗುಂಡಿಗೂ ಕುದುರೆ, ಅಂದರೆ ಟ್ರಿಗರ್, ಮಾತ್ರ ಒತ್ತಬೇಕು. ಅವರ ಕ್ಲಬ್ಬಿನಲ್ಲಿ ಸಾಲಾಗಿ ನಿಲ್ಲಿಸಿದ ಕಬ್ಬಿಣದ ಬಿಲ್ಲೆಗಳನ್ನು ಬೇಗ ಬೇಗ ಬೀಳಿಸುವ ಆಟ.

"ದೊಡ್ಡದು ತಗೋ" ಎಂದೆ. "ಹುಲಿ ಬಂದರೂ ನಿಲ್ಲಬೇಕು."

"ಅಜ್ಜಿ, ಶೆಫೀಲ್ಡಲ್ಲಿ ಟೈಗರ್ ಎಲ್ಲಿ?" ಎಂದು ನಕ್ಕಳು. ಈ ದೇಶದಲ್ಲಿ ಇಂಥ ಕೋವಿಯ ಗುಂಡಿನ ಅಳತೆ ಪಾಯಿಂಟ್ ಟೂ ಟೂಗಿಂತ ದೊಡ್ಡದಾದರೆ ಕಾನೂನೇ ಬಿಡುವುದಿಲ್ಲವಂತೆ. ಪಾಯಿಂಟ್ ಟೂ ಟೂ! ನಮ್ಮಲ್ಲಿ ಗಿಳಿ ಓಡಿಸಲು ಮಕ್ಕಳ ಕೈಗೆ ಕೊಡುವಂಥದ್ದು. ಆದರೆ ಮೋರೀನಳೂ ಸೇರಿ ನಾವು ಕೋವಿ ಅಂಗಡಿಗೆ ಹೋದಾಗ, ಅದರಲ್ಲೂ ಎರಡು ಬಗೆ ಇದೆ ಎಂದು ಅಂಗಡಿಯವನು ತೋರಿಸಿದ. ಒಂದು ಲಾಂಗ್ ರೈಫಲ್, ಇನ್ನೊಂದು ಮ್ಯಾಗ್ನಮ್. ಎರಡರ ಗುಂಡೂ ಒಂದೇ ದಪ್ಪ, ಹೊಟ್ಟೆ ಮಾತ್ರ ಬೇರೆ. ಮ್ಯಾಗ್ನಮ್ಮಿನ ತೋಟೆ, ಅಂದರೆ ಗುಂಡು ಮದ್ದು ಕೂಡಿದ ಕೊಳವೆ, ಉದ್ದ, ಮದ್ದು ಜಾಸ್ತಿ, ಸದ್ದು ಜಾಸ್ತಿ, ದೂರ ಹೋಗುತ್ತದೆ. ಲಾಂಗ್ ರೈಫಲ್ ಎಂದು ಹೆಸರಲ್ಲೇ ಉದ್ದ, ತೋಟೆ ನೋಡಿದರೆ ನನ್ನ ಕಿರುಬೆರಳ ಉಗುರಿನಿಂದ ಸ್ವಲ್ಪ ಮುಂದೆ. ಮೋರೀನಳದು ಆ ಗಿಡ್ಡದು.

"ಮ್ಯಾಗ್ನಮ್ಮೇ ತಗೋ. ನನ್ನ ಮೊಮ್ಮಗಳ ಕೋವಿ ಕೆಮ್ಮಬಾರದು, ಗುಡುಗಬೇಕು."

ದೀಕ್ಷಾ ಏನೋ ಹೇಳಹೊರಟವಳು ತಲೆಯಾಡಿಸಿ ಒಪ್ಪಿಕೊಂಡಳು. ಮೋರೀನಳೂ ಅಡ್ಡ ಬರಲಿಲ್ಲ. ಗೆದ್ದೆ ಎಂದುಕೊಂಡೆ. ಆ ವಾರವೆಲ್ಲ ಗೋಡೆಯಾಚೆ ಅವಳ ಟೀವಿ ಸದ್ದು ಕೇಳಿದರೂ ಕೋಪ ಬರಲಿಲ್ಲ.

ಇಲ್ಲಿ ಯಾವ ಗುಂಡಿನ ಕೋವಿ ಎಂದು ಮೊದಲೇ ಬರೆದುಕೊಟ್ಟು ಪೊಲೀಸರ ಒಪ್ಪಿಗೆ ಪಡೆಯಬೇಕು. ಅವರ ಕಡೆಯ ಒಬ್ಬ ಅಧಿಕಾರಿ ಮನೆಗೇ ಬಂದರು. ಮೆಟ್ಟಿಲ ಕೆಳಗೆ ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಯನ್ನು ಎಳೆದು ನೋಡಿದರು. ನಮ್ಮಲ್ಲಿ ಕೋವಿ ಬಂದವರ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲಿರುತ್ತದೆ. ಇಲ್ಲಿ ಅದು ಮನೆಯ ಗುಟ್ಟು. ಚಹಾ ಕುಡಿಯುತ್ತಾ ಬೀಗದ ಕೈ ಎಲ್ಲಿಡುತ್ತೀರಿ ಎಂದು ಕೇಳಿದರು. ಜಾನಕಿ ಅದನ್ನು ನನಗೆ ಹೇಳಿದ್ದೇ ತಡ, ಹೆಮ್ಮೆಯಿಂದ ಸೊಂಟದ ಗೊಂಚಲನ್ನು ಝಣ್ ಎನ್ನಿಸಿ ತೋರಿಸಿದೆ.

"ಇಲ್ಲೇ! ಮನೆಯ ಹಿರಿಯಳು ನಾನು. ಎಲ್ಲ ಬೀಗದ ಕೈಯೂ ನನ್ನ ಹತ್ತಿರವೇ. ಹೇಳೇ ಜಾನಕಿ ಅವರಿಗೆ."

ಜಾನಕಿ ಹೇಳಬೇಕಾಗಿಯೇ ಇರಲಿಲ್ಲ, ಅವರು ಪೆನ್ನು ಕೆಳಗಿಟ್ಟರು. ಕೋವಿ ಯಾರದೋ ಬೀಗದ ಕೈಯೂ ಅವರ ಹತ್ತಿರವೇ ಇರಬೇಕು, ಹಡೆದ ತಾಯಿಗೂ ಅದು ಎಲ್ಲಿದೆಯೆಂದು ಗೊತ್ತಿರಬಾರದಂತೆ. ಮಹೇಶನ ಮುಖ ಬಿಳುಪೇರಿತು. ಪಾಪ, ಅವನಿಗೆ ಮೊದಲೇ ಕೋವಿ ಎಂದರೆ ಭಯ. "ಅತ್ತೆ, ದಯವಿಟ್ಟು ಗೊಂಚಲು ಕೆಳಗಿಳಿಸಿ" ಎಂದು ಪಿಸುಗುಟ್ಟಿದ.

ಅಧಿಕಾರಿ ಇನ್ನೊಂದು ಪ್ರಶ್ನೆ ಕೇಳಿದರು. ಜಾನಕಿ ತಿರುಗಿ ನನ್ನನ್ನು ನೋಡಿದಳು.

"ಅವ್ವಾ, ದೀಕ್ಷಾ ಕ್ಲಬ್ಬಲ್ಲಿ ಮ್ಯಾಗ್ನಮ್ ಹೊಡೆಯೋದಕ್ಕೆ ಬಿಡೋದೇ ಇಲ್ವಂತೆ. ಗೋಡೆ, ಬಿಲ್ಲೆ ಯಾವುದೂ ಅದನ್ನ ತಡೆಯಲ್ಲ. ಮತ್ತೆ ಯಾಕೆ ಬೇಕು ಅಂತ ಕೇಳ್ತಿದಾರೆ. ಕಾರಣ ಇಲ್ದಿದ್ರೆ ಕೊಡಲ್ಲ."

ದೀಕ್ಷಾ ತಲೆ ತಗ್ಗಿಸಿದ್ದಳು.

"ನಿನಗೆ ಗೊತ್ತಿತ್ತೇನೇ?" ಎಂದೆ.

"ಹ್ಞೂಂ."

"ಗೊತ್ತಿದ್ದೂ ಯಾಕೆ ಬರೆದೆ?"

"ನಿನಗೆ ಬೇಕಿತ್ತಲ್ಲ ಅಜ್ಜಿ." ಆಮೇಲೆ ಇಂಗ್ಲಿಷಿನಲ್ಲಿ ಗೊಣಗಿದ್ದನ್ನು ಜಾನಕಿ ಕನ್ನಡ ಮಾಡಿದಳು: ಅಂಗಡಿಯಿಂದ ಹೊರಬಂದ ಮೇಲೆ ಮೋರೀನಳೇ ಹೇಳಿದ್ದಳಂತೆ, ನಿಮ್ಮಜ್ಜಿಯ ಮನಸ್ಸು ನೋಯಿಸಬೇಡ, ಆಟಕ್ಕೆ ನನ್ನ ಕೋವಿಯನ್ನೇ ತಗೊಂಡರಾಯಿತು ಎಂದು.

ನೋಡಿ, ಇದಕ್ಕಿಂತ ಹೊಟ್ಟೆಯುರಿಯುವ ವಿಷಯ ಉಂಟೇ? ಕೆಟ್ಟವಳಾಗಿದ್ದರೆ ಬೈದುಕೊಂಡು ಹಗುರಾಗುತ್ತಿದ್ದೆ. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದಳು. ನನ್ನ ಗುಡುಗಿಗಾಗಿ ಈ ಹುಡುಗಿ ತನ್ನ ಆಟದ ಕೋವಿಯನ್ನೇ ಬಿಟ್ಟುಕೊಡಲು ಹೊರಟಿದ್ದಳು, ಕೊನೆಗೆ ಅವಳ ಕೈಯಲ್ಲಿರುತ್ತಿದ್ದುದು ಮೋರೀನಳ ಕೋವಿಯೇ!

"ಗಿಡ್ಡದ್ದೇ ಬರೆದುಕೊಳ್ಳಲಿ" ಎಂದೆ. "ಬೀಗದ ಕೈ ಅವಳ ಹತ್ತಿರವೇ ಇರಲಿ. ಅದೆಲ್ಲಿದೆ ಅಂತ ನಾನು ಹುಡುಕೋದಿಲ್ಲ, ದೇವರಾಣೆ ಅಂತ ಹೇಳು."

ಅಧಿಕಾರಿಗೆ ದೇವರಾಣೆ ಎಷ್ಟು ಅರ್ಥವಾಯಿತೋ, ಮ್ಯಾಗ್ನಮ್ ಹೊಡೆದುಹಾಕಿ ಲಾಂಗ್ ರೈಫಲ್ ಎಂದು ಬರೆದು, ಹೋಗುವಾಗ ನನಗೆ "ಥ್ಯಾಂಕ್ಸ್, ಲವ್" ಎಂದರು. ಪೊಲೀಸಿನವರೂ!

ಒಪ್ಪಿಗೆ ಬರುವವರೆಗೆ ಕಾಯುತ್ತಿದ್ದಾಗ, ಹೊರಗಿನವರನ್ನು ಕರೆತರಬಹುದಾದ ಒಂದು ಶನಿವಾರ ದೀಕ್ಷಾ ನನ್ನನ್ನು ಕ್ಲಬ್ಬಿಗೆ ಕರೆದೊಯ್ದಳು. ಹಳೆಯ ಕಾರ್ಖಾನೆಯ ಉದ್ದನೆಯ ನೆಲಮಾಳಿಗೆ. ಕಿವಿಗೆ ಮುಚ್ಚಳ ಹಾಕಿದರು. ಮೋರೀನ್ ತನ್ನ ಕೋವಿಯನ್ನು ನನ್ನ ಮುಂದಿಟ್ಟು ಪಕ್ಕದಲ್ಲೇ ನಿಂತಳು. ಸೀರೆಯುಟ್ಟು ಆ ಕೋವಿ ಹಿಡಿದಾಗ ನನ್ನ ಭುಜಕ್ಕೆ ಊರು ನೆನಪಾಯಿತು. ಟಪ್ ಎಂದಿತು, ಅಷ್ಟೇ, ಭುಜಕ್ಕೆ ಗುದ್ದೇ ಇಲ್ಲ. ಬಿಲ್ಲೆ ಠಣ್ ಎಂದು ಮಗುಚಿತು. ಕುದುರೆ ಒತ್ತಿದೆ, ಇನ್ನೊಂದು ಮಗುಚಿತು. ನಿಲ್ಲಿಸಿದ್ದ ಐದರಲ್ಲಿ ನಾಲ್ಕನ್ನು ಕೆಡವಿದೆ. ಮೋರೀನ್ ಚಪ್ಪಾಳೆ ತಟ್ಟಿ ನನ್ನನ್ನು ತಬ್ಬಿಕೊಂಡಳು. ನಾನೂ ತಬ್ಬಿದೆ. ಆಮೇಲೆ ಅವಳು ಐದನ್ನೂ ಕೆಡವಿದಳು. ತಬ್ಬಿದ್ದು ಸ್ವಲ್ಪ ದುಡುಕಾಯಿತು ಎನ್ನಿಸಿತು.

ನಿನ್ನೆ ಕೋವಿ ಬಂದಾಗ ಕೈಲ್ ಮುಹೂರ್ತ ಕಳೆದು ವಾರವಾಗಿತ್ತು. ಆದರೇನು, ನಮ್ಮ ಮನೆಗೆ ನಿನ್ನೆಯೇ ಹಬ್ಬ. ಬೆಳಿಗ್ಗೆಯೇ ಹಂದಿ ಮಾಂಸ ತಂದು, ಊರಿಂದ ತಂದಿದ್ದ ಕಾಚಂಪುಳಿಯ ಕೊನೆಯ ಹುಳಿಯನ್ನು ಬಾಟಲಿ ತೊಳೆದು ಹಾಕಿದ್ದೆ. ಅಕ್ಕಿತರಿಯ ಕಡಂಬುಟ್ಟು ಉಂಡೆ ಕಟ್ಟಿ ಹಬೆಗಿಟ್ಟೆ. ಹಂದಿ ಮುಟ್ಟದ ಅಳಿಯನಿಗೆ ಕೋಳಿ. ದೀಕ್ಷಾ ಕೋವಿಯನ್ನು ದೀಪದ ಮುಂದೆ ಮಲಗಿಸಿ ಪಕ್ಕದಲ್ಲೇ ಕುಳಿತಳು. ಅವಳು ಅಲ್ಲಿಂದ ಅಲುಗುವಂತಿಲ್ಲ, ಅದು ಕಾನೂನು. ಗಂಧ ಹಚ್ಚಿದೆ. ಕೋವಿಯ ಬಾಯಿಗಿಡುವ ಹೂ ಇಲ್ಲ ಎಂದು ಮನಸ್ಸು ಪಿಟಿಪಿಟಿ ಎನ್ನುತ್ತಿತ್ತು. ನಮ್ಮೂರ ಕಾಡಿನಲ್ಲಿ ಈ ತಿಂಗಳು ಅರಳುವ, ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಹೂ ಅದು.

ಬಾಗಿಲು ತಟ್ಟಿದ ಸದ್ದು. ಮೋರೀನ್. ಕೈಯಲ್ಲಿ ಅವಳ ಹಿತ್ತಲಿನ ಹೂಗೊಂಚಲು, ನಮ್ಮದಲ್ಲ, ಆದರೆ ಅದೇ ಕೆಂಪು, ಅದೇ ಹಳದಿ. ನಮ್ಮ ಹೂವಿನ ವಿಷಯ ದೀಕ್ಷಾ ಅವಳಿಗೆ ಮೊದಲೇ ಹೇಳಿದ್ದಳು. ಹೂವೂ ಅವಳದೇ ಆಗಬೇಕೇ! ಆದರೂ ಕೈ ಚಾಚಿ ತೆಗೆದುಕೊಂಡೆ. ನಳಿಗೆಯ ತುದಿಗೆ ಇಟ್ಟೆ, ಎಷ್ಟು ಚೆನ್ನಾಗಿ ಒಪ್ಪಿತು ಎಂದರೆ ನನಗೆ ಇನ್ನೂ ಕೋಪ ಬಂತು.

ಆಗ ದೀಕ್ಷಾ ಎದ್ದು ನಿಂತು, ಪೂರ್ತಿ ಕನ್ನಡದಲ್ಲಿ, ಎರಡೂ ಕೈ ಚಾಚಿ ಹೇಳಿದಳು: "ಅಜ್ಜಿ, ನೀನೇ ಎತ್ತಿಕೊಡು. ದೊಡ್ಡವರು ಕೊಡ್ಬೇಕು ಅಲ್ವಾ?"

ಎತ್ತಿಕೊಟ್ಟೆ. ಅವಳು ಕಾಲಿಗೆ ನಮಸ್ಕರಿಸಿ, ಮೆಟ್ಟಿಲ ಕೆಳಗಿನ ಪೆಟ್ಟಿಗೆಗೆ ಅದನ್ನು ಸೇರಿಸಿ ಬೀಗ ಹಾಕಿದಳು. ಬೀಗದ ಕೈ ಎಲ್ಲಿಟ್ಟಳೋ, ನಾನು ಗೋಡೆಯತ್ತ ತಿರುಗಿ ನಿಂತಿದ್ದೆ. ಊರಿನ ನಮ್ಮ ಕೋವಿ ಈಗ ಮೈದುನನ ಮಗನ ಮನೆಯ ಗೋಡೆಯ ಮೇಲಿದೆ; ಅದನ್ನೂ ನಾನು ಮುಟ್ಟಲಾರೆ, ಇದನ್ನೂ ಮುಟ್ಟಲಾರೆ.

ಎಲ್ಲರೂ ಒಟ್ಟಿಗೆ ಕುಳಿತೆವು. ಮೋರೀನ್ ಚಮಚ ಬದಿಗಿಟ್ಟು ಕೈಯಲ್ಲೇ ಕಡಂಬುಟ್ಟು ಮುರಿದಳು, ಅರ್ಧ ತಟ್ಟೆಯಲ್ಲಿ, ಅರ್ಧ ಮಡಿಲಲ್ಲಿ. ಹಂದಿ ಸಾರಿನ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ತಟ್ಟೆ ಮುಂದೆ ಚಾಚಿ ನನ್ನತ್ತ ನೋಡಿ, "ಅಜ್ಜಿ, ಮೋರ್ ಪ್ಲೀಸ್" ಎಂದಳು.

ನನಗಿಂತ ಎರಡು ವರ್ಷ ದೊಡ್ಡವಳು, ನನ್ನನ್ನು ಅಜ್ಜಿ ಅನ್ನುವುದೇ! ದೀಕ್ಷಾ ಬಾಯಲ್ಲಿದ್ದದ್ದನ್ನು ಉಗುಳುವಂತೆ ನಕ್ಕಳು, ಮಹೇಶನೂ ನಕ್ಕ. ನಾನು ಪಾತ್ರೆಯ ತಳ ಕೆದಕಿ, ಮೊಮ್ಮಗಳಿಗೆಂದು ಎತ್ತಿಟ್ಟಿದ್ದ ಒಳ್ಳೆಯ ತುಂಡನ್ನು ಎರಡು ಮಾಡಿ, ಒಂದನ್ನು ದೀಕ್ಷಾಳಿಗೆ, ಒಂದನ್ನು ಅವಳ ನ್ಯಾನ್‌ಗೆ ಬಡಿಸಿದೆ. ದೀಕ್ಷಾಳದು ಸ್ವಲ್ಪ ದೊಡ್ಡದಿತ್ತು.