ನೀರಿಗೇ ಬಿಟ್ಟ ಮೀನು

ಕುಷ್ಟಗಿಯಲ್ಲಿ ತಂಗಿದ್ದೆ. ಯಾವ ಊರಿನಲ್ಲಿದ್ದರೂ ಬಿಸಿಲೇರುವ ಮುಂಚೆ ನಡೆದು ಬರುವುದು ನನ್ನ ರೂಢಿ. ಅಂದು ಊರಾಚೆಯ ಕೆರೆಯವರೆಗೆ ಹೋದೆ. ಬೇಸಿಗೆಯ ಕೊನೆ. ನೀರು ನಡುವಿಗೆ ಸರಿದು, ಮುಳುಗಿದ್ದ ಜಾಲಿಯ ಬೊಡ್ಡೆಗಳು ಅಲ್ಲಲ್ಲಿ ತಲೆ ಎತ್ತಿದ್ದವು. ನಾಲ್ಕೈದು ಮಂದಿ ಬಲೆ ಎಳೆಯುತ್ತಿದ್ದರು. ತೋಳುದ್ದದ ಬಾಳೆಮೀನೊಂದು ಸಿಕ್ಕಿತು. ಅದನ್ನು ಬಿಡಿಸಿ ನೀರಿಗೇ ಬಿಟ್ಟರು.

"ಅಷ್ಟು ದೊಡ್ಡದನ್ನು ಬಿಟ್ಟಿರಲ್ಲ?" ಎಂದೆ.

ದಂಡೆಯಲ್ಲಿ ಹಗ್ಗ ಹಿಡಿದಿದ್ದವನ ಹೆಸರು ಯಮನಪ್ಪ ಎಂದು ಆಮೇಲೆ ತಿಳಿಯಿತು. ಅವನು ನನ್ನತ್ತ ತಿರುಗದೆಯೇ ಹೇಳಿದ: "ಮೀನಿಗೆ ಹಾಕಿದ ಬಲಿ ಅಲ್ರಿ ಇದು. ನಿನ್ನಿ ಸಂಜಿಕ ನನ್ನ ತಮ್ಮ ಜಾಲಿ ಬೊಡ್ಡಿಗೆ ಸಿಕ್ಕ ಬಲಿ ಬಿಡಸಾಕ ಮುಳಿಗ್ಯಾನ, ಮ್ಯಾಲ ಬಂದಿಲ್ಲ. ಮನಷ್ಯಾನ್ನ ಹುಡಕೂ ಬಲ್ಯಾಗ ಬಿದ್ದ ಮೀನಾ ನಾವು ಮನಿಗೆ ಒಯ್ಯಂಗಿಲ್ಲ."

ಪಕ್ಕದಲ್ಲಿ ಅವನ ತಾಯಿ ಕೂತಿದ್ದರು. "ಹರದ್ರ ಹರೀಲಿ ಬಿಡೋ ಅಂದಿದ್ನಿ," ಎಂದು ನೀರಿನ ಕಡೆಗೇ ನೋಡುತ್ತ ಹೇಳಿದರು. "ಹೊಸಾ ಬಲಿ ಐತಿ ಬೇ, ಅಂದ."

ಹಗ್ಗ ಬಿಗಿಯಿತು. ಎಳೆಯುವವರು ಯಮನಪ್ಪನತ್ತ ನೋಡಿದರು.

"ಯವ್ವಾ, ಆಕಡಿ ತಿರುಗಿ ಕುಂದರು," ಎಂದ ಯಮನಪ್ಪ.

"ಹಡದಾಕಿ ನಾ. ನೋಡ್ತೀನಿ, ಎಳಿ."

ಬಲೆ ದಂಡೆಗೆ ಬಂತು. ಒಳಗೆ ಯಮನಪ್ಪನ ತಮ್ಮನಿದ್ದ. ಅವನ ಸುತ್ತ, ಅಂಗಿಯೊಳಗೂ, ಮೀನುಗಳು ಒದ್ದಾಡುತ್ತಿದ್ದವು. ತಾಯಿ ಕೆಸರಿಗಿಳಿದು ಒಂದೊಂದನ್ನೇ ಹಿಡಿದು ನೀರಿಗೆ ಬಿಡತೊಡಗಿದರು. ಕೊನೆಯದು ಹೋಗುವವರೆಗೂ ಮಗನನ್ನು ಯಾರಿಗೂ ಮುಟ್ಟಗೊಡಲಿಲ್ಲ.